ಗ್ಲಾಸ್ಗೋದಿಂದ ಮಾದಾಪುರಕ್ಕೆ ಬಂದ ಗದ್ದೆ

2024ರ ಡಿಸೆಂಬರ್ ಮೊದಲ ವಾರ. ಅರೇಬಿಕಾ ಕಾಫಿಯ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಯಜಮಾನರು, ತೋಟದ ಲೆಕ್ಕ ನೋಡುವ ರೈಟರು, ಇಬ್ಬರು ಕೆಲಸದವರು ಸೇರಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ತರಿಸಬೇಕೆಂದಿದ್ದ ದೊಡ್ಡ ಚಿತ್ರದ ಪೆಟ್ಟಿಗೆಯಷ್ಟೇ ಅಳತೆಯ ಬಿದಿರಿನ ಚೌಕಟ್ಟೊಂದನ್ನು ಹೊತ್ತು ಮನೆಯ ಸುತ್ತ ತಿರುಗಿದರು. 238 ಸೆಂಟಿಮೀಟರ್ ಉದ್ದ, 156 ಎತ್ತರ, 25 ದಪ್ಪ. ಟೇಪು ಹಿಡಿದುಕೊಂಡು ಹಿಂದೆ ನಾನು. ಮುಂಬಾಗಿಲಿನ ಎತ್ತರ ಸಾಕಿತ್ತು, ಅಗಲವೂ ಸಾಕಿತ್ತು. ಆದರೆ ಜಗಲಿಯ ಕಂಬಕ್ಕೂ ಬಾಗಿಲಿಗೂ ನಡುವೆ ಆರೇ ಅಡಿ ಜಾಗ. ಚೌಕಟ್ಟು ತಿರುಗಲೇ ಇಲ್ಲ. ಕಿಟಕಿಯ ಕಡೆಯಿಂದ ನೋಡಿದೆವು, ಆಗಲಿಲ್ಲ. ಕೊನೆಗೆ ಕಾಫಿ ಗೋಡೌನಿನ ಪಕ್ಕದಿಂದ, ಅಡುಗೆಮನೆಯ ಹೊರಬಾಗಿಲಿನ ಮೂಲಕ ನೇರ ಗೆರೆಯಲ್ಲಿ ಒಯ್ದಾಗ ನಡುಮನೆ ಮುಟ್ಟಿತು. ಒಂದು ಬಾಗಿಲಿನ ರೆಕ್ಕೆ ಬಿಚ್ಚಿದರೆ ಸಾಕಾಗುತ್ತಿತ್ತು. ಆ ಸಂಜೆಯೇ ಗ್ಲಾಸ್ಗೋಗೆ "ಆಗುತ್ತದೆ, ಕಳಿಸಿ" ಎಂದು ಬರೆದೆ. ದುಡ್ಡು ಕಳಿಸಿದ್ದು ಅದಾದ ಮೇಲೆ.

ಹೊರದೇಶದಿಂದ ದೊಡ್ಡ ಚಿತ್ರ ತರಿಸಬೇಕೆನ್ನುವವರು ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ. ಗೋಡೆಯಿಂದ ಶುರುಮಾಡಿ ಹಿಂದಕ್ಕೆ ಅಳೆಯುತ್ತ ಹೋಗಿ. ಗೋಡೆ, ಬಾಗಿಲು, ತೋಟದ ದಾರಿಯ ತಿರುವು, ಲಾರಿ, ವಿಮಾನದ ಹೊಟ್ಟೆ, ಕಟ್ಟಕಡೆಗೆ ಚಿತ್ರ ಬರೆದವರ ಕೋಣೆ. ಎಲ್ಲೋ ಒಂದು ಕಡೆ ನಾಲ್ಕು ಬೆರಳು ಕಡಿಮೆಯಾದರೂ ಉಳಿದ ಲೆಕ್ಕವೆಲ್ಲ ವ್ಯರ್ಥ.

ಈ ಚಿತ್ರವೇ ಯಾಕೆ ಬೇಕಾಯಿತು ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮದು ಕೊಡಗಿನ ಮಾದಾಪುರದಿಂದ ಹಟ್ಟಿಹೊಳೆ ಕಡೆಗೆ ಹೋಗುವ ದಾರಿಯಲ್ಲಿ ಒಳಗಿರುವ ಮನೆ. ಎರಡು ಕೋಣೆಗಳನ್ನು ಹೋಂಸ್ಟೇಗೆ ಕೊಡುತ್ತೇವೆ. 2009ರ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಸ್ಕಾಟ್ಲೆಂಡಿನ ಒಬ್ಬ ಚಿತ್ರಕಾರ್ತಿ ಹನ್ನೊಂದು ದಿನ ಉಳಿದರು. ಆ ಮಳೆಗೆ ಯಾರೂ ಬರುವುದಿಲ್ಲ. ಅವರು ಮಳೆಗಾಗಿಯೇ ಬಂದಿದ್ದರು. ದಿನವೂ ಮಳೆಗೆ ಹೊದೆಯುವ ಗೊರಗದ ಕೆಳಗೆ ಕೂತವರ ಹಾಗೆ ಕೊಡೆಯ ಕೆಳಗೆ ಕೂತು ನಮ್ಮ ಮನೆಯ ಕೆಳಗಿನ ಗದ್ದೆಬಯಲನ್ನು ನೋಡಿ ನೋಡಿ ಬರೆದರು. ನಾಟಿಯ ಹೆಂಗಸರ ಸಾಲು, ತೋಡು, ಒಡ್ಡಿನ ಮೇಲಿನ ಹಲಸಿನ ಮರ, ಎದುರಿನ ಬೆಟ್ಟದ ಮೇಲೆ ಮೋಡ ಇಳಿಯುವ ರೀತಿ.

2018ರ ಆಗಸ್ಟಿನಲ್ಲಿ ಆ ಬೆಟ್ಟ ಇಳಿಯಿತು. ಮಕ್ಕಂದೂರು, ಹಟ್ಟಿಹೊಳೆ, ಕಾಲೂರು ಕಡೆಯವರಿಗೆ ಆ ವಾರದ ಬಗ್ಗೆ ನಾನು ಹೇಳಬೇಕಾದದ್ದೇನಿಲ್ಲ. ಬರೆ ಕುಸಿದು ಬಂದ ಮಣ್ಣು, ಮರ, ಬಂಡೆ ಎಲ್ಲ ಬಯಲಿಗೆ ತುಂಬಿತು. ನಮ್ಮ ಮನೆ ಉಳಿಯಿತು, ಗದ್ದೆ ಹೋಯಿತು. ಇವತ್ತು ಅಲ್ಲಿ ಕಲ್ಲು, ಕುರುಚಲು, ದಾರಿ ಬದಲಿಸಿದ ತೋಡು. ಇಷ್ಟು ವರ್ಷ ಬದುಕಿದ ಗದ್ದೆಯ ಒಂದು ಒಳ್ಳೆಯ ಫೋಟೋ ಕೂಡ ನಮ್ಮಲ್ಲಿರಲಿಲ್ಲ. ಯಾರಾದರೂ ತಮ್ಮ ಗದ್ದೆಯ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆಯೇ? ಮದುವೆಯ ಫೋಟೋಗಳ ಹಿನ್ನೆಲೆಯಲ್ಲಿ ಹಸಿರು ಚೂರೊಂದು ಕಾಣುತ್ತದೆ, ಅಷ್ಟೇ.

ಆ ಚಿತ್ರಕಾರ್ತಿ ಸುದ್ದಿ ತಿಳಿದು ಆಗಲೇ ಪತ್ರ ಬರೆದಿದ್ದರು. ಮರುವರ್ಷ ಹಳೆಯ ಸ್ಕೆಚ್ ಪುಸ್ತಕಗಳನ್ನು ತೆಗೆದು ದೊಡ್ಡ ಕ್ಯಾನ್ವಾಸಿನ ಮೇಲೆ ಆ ಬಯಲನ್ನು ತೈಲವರ್ಣದಲ್ಲಿ ಬರೆದರಂತೆ. ಅದು ನನಗೆ ಗೊತ್ತಾದದ್ದು 2024ರಲ್ಲಿ, ಅಲ್ಲಿನ ಒಂದು ಸಣ್ಣ ಗ್ಯಾಲರಿಯಲ್ಲಿ ಅದು ಇನ್ನೂ ಮಾರಾಟವಾಗದೆ ಇದೆ ಎಂದು ಅವರು ಚಿತ್ರದ ಫೋಟೋ ಕಳಿಸಿದಾಗ. ಫೋನಿನ ಅಂಗೈಯಗಲದ ಪರದೆಯಲ್ಲಿ ನಮ್ಮ ತೋಡು ಕಂಡಿತು. 140 ಸೆಂ.ಮೀ. ಎತ್ತರ, 220 ಸೆಂ.ಮೀ. ಅಗಲ. ಬೆಲೆ 3,900 ಪೌಂಡ್.

ಕೊಡಗಿನ ಮುಖವೊಂದು ಹೀಗೆ ಸಮುದ್ರದಾಚೆ ಉಳಿದುಬಿಟ್ಟದ್ದು ಹೊಸತಲ್ಲ. 1834ರಲ್ಲಿ ಪಟ್ಟ ಕಳೆದುಕೊಂಡ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅವಳಿಗೆ ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ದೀಕ್ಷಾಸ್ನಾನ ಮಾಡಿಸಿದಳು, ವಿಂಟರ್‌ಹಾಲ್ಟರ್ ಎಂಬ ಜರ್ಮನ್ ಚಿತ್ರಕಾರನಿಂದ ಚಿತ್ರ ಬರೆಸಿದಳು. ಗೌರಮ್ಮ 1864ರಲ್ಲಿ ತೀರಿಕೊಂಡಳು. ಚಿತ್ರ ಇಂದಿಗೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಅದನ್ನು ನಾವು ತರಲಾರೆವು. ನಮ್ಮ ಗದ್ದೆಯನ್ನಾದರೂ ತರಬಹುದಿತ್ತು. ಆ ವರ್ಷ ರೊಬಸ್ಟಾ ಬೆಲೆ ನಾವು ಹಿಂದೆಂದೂ ಕಾಣದ ಎತ್ತರಕ್ಕೆ ಏರಿತ್ತು. ಅದಿಲ್ಲದಿದ್ದರೆ ಈ ಮಾತನ್ನೇ ಎತ್ತುತ್ತಿರಲಿಲ್ಲ.

ಬೆಲೆಯ ವಿಷಯದಲ್ಲಿ ನಾನು ಚೌಕಾಸಿ ಮಾಡಲಿಲ್ಲ. ಮಾಡಿದ್ದು ಒಂದೇ ಪ್ರಶ್ನೆ: ಇದರಲ್ಲಿ ವ್ಯಾಟ್ ಸೇರಿದೆಯೇ? ಬ್ರಿಟನ್ನಿನಲ್ಲಿ ವ್ಯಾಟ್ ಶೇ. 20. ಸರಕು ದೇಶ ಬಿಟ್ಟು ಹೊರಟಿತೆಂಬ ದಾಖಲೆ ಮಾರುವವರ ಕೈಯಲ್ಲಿದ್ದರೆ ಆ ತೆರಿಗೆ ಸೊನ್ನೆಯಾಗುತ್ತದೆ. ಹಾಗಾಗಿ ಸಾಗಣೆಯವರನ್ನು ಗ್ಯಾಲರಿಯೇ ಗೊತ್ತುಮಾಡಲಿ, ದಾಖಲೆ ಅವರಿಗೇ ನೇರ ಸಿಗಲಿ ಎಂದೆ. ಅಲ್ಲಿನ ರಫ್ತು ಪರವಾನಗಿಯ ಗೊಡವೆ ಬರಲಿಲ್ಲ. ಅದು 50 ವರ್ಷ ದಾಟಿದ ವಸ್ತುಗಳ ಪ್ರಶ್ನೆ.

ದುಡ್ಡು ಕಳಿಸುವುದಕ್ಕೆ ಮಡಿಕೇರಿಯ ನಮ್ಮ ಬ್ಯಾಂಕಿಗೆ ಮೂರು ಸಲ ಹೋದೆ. ಮಕ್ಕಳ ಫೀಸು, ಪ್ರವಾಸ, ಚಿಕಿತ್ಸೆ ಎಂದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಚಿತ್ರ ಕೊಳ್ಳುವುದಕ್ಕೆ ಎಂದಾಗ ಕೌಂಟರಿನ ಹುಡುಗಿ ಮೇಲಿನವರನ್ನು ಕೇಳಲು ಎದ್ದುಹೋದಳು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರಿನವರೆಗೆ ಕಳಿಸಬಹುದು, ಕಲಾಕೃತಿ ಕೊಳ್ಳುವುದಕ್ಕೂ ಅದು ಸಲ್ಲುತ್ತದೆ. ಇದನ್ನು ಓದಿಕೊಂಡು ಹೋಗಿದ್ದರಿಂದ ಎರಡನೆಯ ಸಲ ಮಾತು ಸಲೀಸಾಯಿತು. ಪ್ಯಾನ್, ಹೊರದೇಶಕ್ಕೆ ದುಡ್ಡು ಕಳಿಸುವ ಎ2 ಫಾರಂ, ಗ್ಯಾಲರಿಯ ಇನ್‌ವಾಯ್ಸ್. ಆಗ ವರ್ಷಕ್ಕೆ 7 ಲಕ್ಷ ದಾಟಿದ ಮೊತ್ತಕ್ಕೆ ಮಾತ್ರ ಶೇ. 20 ಟಿಸಿಎಸ್ (ಕಳಿಸುವಾಗಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಿದ್ದರು, ನಮ್ಮದು ಅದರೊಳಗಿತ್ತು. 2025ರ ಏಪ್ರಿಲಿನಿಂದ ಆ ಮಿತಿ 10 ಲಕ್ಷಕ್ಕೆ ಏರಿದೆ. ಹಿಡಿದರೂ ಅದು ಆದಾಯ ತೆರಿಗೆಯ ಲೆಕ್ಕದಲ್ಲಿ ವಾಪಸು ಸಿಗುವ ದುಡ್ಡೇ, ಆದರೆ ಕೈಯಿಂದ ಒಮ್ಮೆ ಹೋಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಮುಂಗಡವೆಂದು ಮೂರನೆಯ ಒಂದು ಪಾಲನ್ನು ಮಾತ್ರ ಕಳಿಸಿದೆ. ಉಳಿದದ್ದು ಸ್ಥಿತಿ ವರದಿ ಬಂದ ಮೇಲೆ. ಸ್ಥಿತಿ ವರದಿ ಎಂದರೆ ಪೆಟ್ಟಿಗೆಗೆ ಹಾಕುವ ಮುನ್ನ ಚಿತ್ರ ಹೇಗಿತ್ತು ಎಂಬುದರ ದಾಖಲೆ: ಮುಂದೆ, ಹಿಂದೆ, ನಾಲ್ಕೂ ಮೂಲೆ, ಸಹಿ, ಮತ್ತೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ತೆಗೆದ ಫೋಟೋ. ಓರೆ ಬೆಳಕಿನಲ್ಲಿ ಬಣ್ಣದ ಪದರದ ಸಣ್ಣ ಬಿರುಕೂ ನೆರಳು ಬಿಡುತ್ತದೆ. ಇಪ್ಪತ್ತೆರಡು ಫೋಟೋ ಬಂದವು. ಮುಂದೆ ಇವೇ ನಮ್ಮನ್ನು ಕಾಪಾಡಿದವು.

ಈಗ ಪೆಟ್ಟಿಗೆಯ ಮಾತು. ಇದಕ್ಕೆ ನಾವು ಆರು ವಾರ ಕಳೆದೆವು, ಕಳೆದದ್ದು ಸರಿಯೇ.

ನನ್ನ ಮೊದಲ ಯೋಚನೆ ಸುರುಳಿ ಸುತ್ತಿಸುವುದು. ಕ್ಯಾನ್ವಾಸನ್ನು ಮರದ ಚೌಕಟ್ಟಿನಿಂದ ಬಿಚ್ಚಿ ದೊಡ್ಡ ಕೊಳವೆಗೆ ಸುತ್ತಿದರೆ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ. ಸುತ್ತುವಾಗ ಬಣ್ಣದ ಮುಖ ಹೊರಕ್ಕೆ ಇರಬೇಕು. ಎಲ್ಲರಿಗೂ ಒಳಕ್ಕೆ ಇದ್ದರೆ ಭದ್ರ ಅನ್ನಿಸುತ್ತದೆ, ಆದರೆ ಒಳಮುಖವಾಗಿ ಸುತ್ತಿದ ಬಣ್ಣ ಒತ್ತಿಕೊಂಡು ಸುಕ್ಕಾಗುತ್ತದೆ, ಬಿಚ್ಚುವಾಗ ಏಳುತ್ತದೆ. ಕೊಳವೆ ಎಷ್ಟು ದಪ್ಪವಿದ್ದರೆ ಅಷ್ಟು ಒಳ್ಳೆಯದು. ಇದನ್ನೆಲ್ಲ ತಿಳಿದುಕೊಂಡು ಬರೆದರೆ ಚಿತ್ರಕಾರ್ತಿ ಒಪ್ಪಲಿಲ್ಲ. ಕೆಳಗಿನ ಬಲಭಾಗದಲ್ಲಿ ನಾಟಿಯಾದ ಗದ್ದೆಯ ಹಸಿರನ್ನು ಅವರು ಚಾಕುವಿನಿಂದ ದಪ್ಪವಾಗಿ ಮೆತ್ತಿದ್ದರು. ಅಂಥ ಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ವರ್ಷಗಟ್ಟಲೆ ಮೆತ್ತಗಿರುತ್ತದೆ, ಬಗ್ಗಿಸಿದರೆ ಬಿರಿಯುತ್ತದೆ. "ನಿಮ್ಮ ಗದ್ದೆ ಎರಡನೆಯ ಸಲ ಬಿರಿಯುವುದು ಬೇಡ" ಎಂದು ಬರೆದರು. ಆ ಮಾತಿನ ಮೇಲೆ ನಾನು ವಾದ ಮಾಡಲಿಲ್ಲ.

ಸುತ್ತುವುದು ಬೇಡವೆಂದ ಮೇಲೆ ಹಡಗೋ ವಿಮಾನವೋ. ಹಡಗಿನಲ್ಲಿ ಅಗ್ಗ. ಆದರೆ ಕಾಫಿ ಕಳಿಸುವವರಿಗೆ ಕಂಟೇನರ್ ಬೆವರುವುದು ಗೊತ್ತು. ಹಗಲು ಕಾದು ರಾತ್ರಿ ತಣಿದಾಗ ಒಳಗಿನ ತೇವ ಚಾವಣಿಯಲ್ಲಿ ಹನಿಗಟ್ಟಿ ಮೂಟೆಗಳ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೇ ಕಂಟೇನರಿನ ಒಳಗೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಚೀಲ ತೂಗುಹಾಕುತ್ತಾರೆ. ಇಷ್ಟೆಲ್ಲ ಮಾಡಿದರೂ ಬೂಷ್ಟು ಹಿಡಿದ ಕಾಫಿ ನೋಡಿದ್ದೇವೆ. ಅದರಲ್ಲೂ ಆಗ ಕೆಂಪು ಸಮುದ್ರದ ದಾರಿ ಬಿಟ್ಟು ಹಡಗುಗಳು ಆಫ್ರಿಕಾದ ಕೊನೆಯನ್ನು ಸುತ್ತಿ ಬರುತ್ತಿದ್ದವು. ಅಷ್ಟು ದಿನ ಆ ಬೆವರಿನಲ್ಲಿ ಒಂದು ಬಟ್ಟೆಯ ಚಿತ್ರ! ಯಜಮಾನರೇ ವಿಮಾನ ಅಂದರು.

ವಿಮಾನಕ್ಕೆ ಬೇರೆಯದೇ ಕಟ್ಟುಪಾಡು. ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ ಸರಕಿನ ಎತ್ತರ ಸುಮಾರು 160 ಸೆಂ.ಮೀ. ಮೀರುವಂತಿಲ್ಲ. ಅದಕ್ಕಿಂತ ದೊಡ್ಡದಾದರೆ ಮಲಗಿಸಬೇಕು, ಇಲ್ಲವೇ ಸರಕು ವಿಮಾನಕ್ಕೆ ಕಾಯಬೇಕು. ಚಿತ್ರವನ್ನು ಮಲಗಿಸಿ ಒಯ್ದರೆ ಕ್ಯಾನ್ವಾಸ್ ನಡುವೆ ಜೋತು ತಮಟೆಯ ಚರ್ಮದಂತೆ ನಡುಗುತ್ತ ಬರುತ್ತದೆ, ನಿಲ್ಲಿಸಿಯೇ ತರಬೇಕು. ಪ್ಯಾಕಿಂಗಿನವರ ಮೊದಲ ನಕ್ಷೆಯಲ್ಲಿ ಎತ್ತರ 168 ಇತ್ತು. ಫೋಮಿನ ದಪ್ಪವನ್ನು ಐದು ಸೆಂಟಿಮೀಟರಿಗೆ ಇಳಿಸಿ, ಅಡಿಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ 156ಕ್ಕೆ ತಂದೆವು. 140 ಸೆಂ.ಮೀ. ಎತ್ತರದ ಚಿತ್ರವಾದ್ದರಿಂದ ಇದು ಸಾಧ್ಯವಾಯಿತು. 160ರ ಚಿತ್ರವಾಗಿದ್ದರೆ ಕತೆಯೇ ಬೇರೆ.

ಬಾಡಿಗೆಯನ್ನು ತೂಕ, ಜಾಗ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಾಕುತ್ತಾರೆ. ಉದ್ದ, ಎತ್ತರ, ದಪ್ಪವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಜಾಗದ ಕಿಲೋ. 238, 156, 25 ಗುಣಿಸಿ ಭಾಗಿಸಿದರೆ 155. ತಕ್ಕಡಿಯಲ್ಲಿ ಪೆಟ್ಟಿಗೆ 82 ಕೆ.ಜಿ. ತೂಗಿತ್ತು, ದುಡ್ಡು ಕೊಟ್ಟದ್ದು 155 ಕೆ.ಜಿ.ಗೆ. ಆದ್ದರಿಂದ ಪೆಟ್ಟಿಗೆಯ ದಪ್ಪದಲ್ಲಿ ಒಂದೊಂದು ಸೆಂಟಿಮೀಟರಿಗೂ ಆರು ಕಿಲೋ ಬಾಡಿಗೆ. ಲಂಡನ್ನಿನಿಂದ ಬೆಂಗಳೂರಿಗೆ ನೇರ ವಿಮಾನವೇ ಬೇಕೆಂದು ಹಟ ಹಿಡಿದೆ. ನಡುವೆ ಇಳಿಸಿ ಹತ್ತಿಸುವ ಪ್ರತಿಯೊಂದು ಕಡೆಯಲ್ಲೂ ಏಟು ಬೀಳುವ ಅವಕಾಶ.

2025ರ ಫೆಬ್ರವರಿ ನಡುವಿನಲ್ಲಿ ಪೆಟ್ಟಿಗೆ ಬೆಂಗಳೂರು ವಿಮಾನ ನಿಲ್ದಾಣದ ಕಾರ್ಗೋ ಸಂಕೀರ್ಣಕ್ಕೆ ಬಂತು. ನಮ್ಮ ಪರವಾಗಿ ಕಾಗದಪತ್ರ ಸಲ್ಲಿಸಲು ಕಸ್ಟಮ್ಸ್ ಬ್ರೋಕರ್ ಒಬ್ಬರನ್ನು ಗೊತ್ತುಮಾಡಿದ್ದೆವು. ಸ್ವಂತಕ್ಕೆ ತರಿಸುವ ವಸ್ತುವಾದ್ದರಿಂದ ಆಮದುದಾರರ ಸಂಕೇತ ಸಂಖ್ಯೆ ಬೇಕಾಗಲಿಲ್ಲ. ಎರಡನೆಯ ದಿನ ಅವರ ಫೋನು: "ಮೇಡಂ, ಕ್ವಾರಂಟೈನ್‌ನಲ್ಲಿ ನಿಂತಿದೆ."

ಚಿತ್ರಕ್ಕೂ ಸಸ್ಯ ಕ್ವಾರಂಟೈನಿಗೂ ಏನು ಸಂಬಂಧ? ಸಂಬಂಧ ಪೆಟ್ಟಿಗೆಯ ಮರದ್ದು. ಕಚ್ಚಾ ಮರದ ಪ್ಯಾಕಿಂಗ್ ಮೂಲಕ ಕೊರೆಹುಳ ದೇಶದಿಂದ ದೇಶಕ್ಕೆ ಹೋಗದಿರಲಿ ಎಂದು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಮರದ ತಿರುಳಿನವರೆಗೂ 56 ಡಿಗ್ರಿ ಶಾಖ 30 ನಿಮಿಷ ತಾಗಿರಬೇಕು, ತಾಗಿದ್ದಕ್ಕೆ ಮರದ ಮೇಲೇ ತೆನೆಯ ಚಿಹ್ನೆಯ ಮುದ್ರೆ ಒತ್ತಿರಬೇಕು. ಪ್ಲೈವುಡ್ಡಿಗೆ ಈ ನಿಯಮವಿಲ್ಲ. ನಮ್ಮ ಪೆಟ್ಟಿಗೆಯ ಗೋಡೆಗಳು ಪ್ಲೈವುಡ್ಡೇ, ಆದರೆ ಸುತ್ತಲಿನ ಪಟ್ಟಿಗಳು ಪೈನ್ ಮರದವು, ಅವುಗಳ ಮೇಲೆ ಮುದ್ರೆ ಇರಲಿಲ್ಲ. ಕಾಗದದಲ್ಲಿ "ಸಂಸ್ಕರಿಸಿದ ಮರ" ಎಂದಿತ್ತು. ಅಧಿಕಾರಿಗೆ ಕಾಗದ ಸಾಲದು, ಮರದ ಮೇಲಿನ ಮುದ್ರೆಯೇ ಬೇಕು, ಅವರದು ತಪ್ಪಲ್ಲ. ಕಾಂಡಕೊರಕದಿಂದ ಅರೇಬಿಕಾ ಗಿಡಗಳನ್ನು ಕಿತ್ತು ಸುಟ್ಟವರು ನಾವು, ಹುಳದ ವಿಷಯದಲ್ಲಿ ಸಡಿಲ ಬಿಡಿ ಎಂದು ಯಾವ ಬಾಯಲ್ಲಿ ಕೇಳಲಿ?

ಬ್ರೋಕರ್ ಹೇಳಿದ ದಾರಿ ಸುಲಭದ್ದು. ಪೆಟ್ಟಿಗೆಯನ್ನು ಇದ್ದ ಹಾಗೇ ಒಯ್ದು ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸುವುದು. ಒಂದು ದಿನದ ಕೆಲಸ, ಎಲ್ಲರೂ ಮಾಡುತ್ತಾರೆ. ನನಗೆ ಎದೆ ಝಲ್ಲೆಂದಿತು. ಆ ಅನಿಲ ಗಂಧಕವಿರುವ ವಸ್ತುಗಳ ಜೊತೆ ಸೇರಿ ಕೆಡಿಸುತ್ತದೆ. ಚರ್ಮ, ಉಣ್ಣೆ, ರಬ್ಬರು ಇದಕ್ಕೇ ಹೆಸರಾದವು. ಅಲ್ಟ್ರಾಮರೀನ್ ಎಂಬ ನೀಲಿಯಲ್ಲೂ ಗಂಧಕವಿದೆ, ಮಳೆಯ ಮೋಡಕ್ಕೆಲ್ಲ ಆಕೆ ಬಳಸಿದ್ದು ಆ ನೀಲಿಯನ್ನೇ. ಏನಾಗುತ್ತದೋ ಏನೂ ಆಗುವುದಿಲ್ಲವೋ, ನಮ್ಮ ಗದ್ದೆಯ ಮೇಲೆ ಆ ಪರೀಕ್ಷೆ ಮಾಡಲು ನಾನು ತಯಾರಿರಲಿಲ್ಲ.

ಅವತ್ತು ರಾತ್ರಿಯ ಬಸ್ಸಿಗೆ ಹೊರಟೆ. ಬೆಳಿಗ್ಗೆ ಅಧಿಕಾರಿಯ ಮುಂದೆ ಕೂತು ಒಂದು ಪುಟದ ಅರ್ಜಿ ಕೊಟ್ಟೆ: ದೋಷವಿರುವುದು ಮರದಲ್ಲಿ, ಮರವನ್ನು ಬೇರೆ ಮಾಡಲು ಬಿಡಿ, ಖರ್ಚು ನಮ್ಮದು, ಮರಕ್ಕೆ ನೀವು ಹೇಳಿದ ಗತಿ. ಸ್ಥಿತಿ ವರದಿಯ ಫೋಟೋಗಳನ್ನೂ ತೋರಿಸಿದೆ. ಅವರು ಓರೆ ಬೆಳಕಿನ ಫೋಟೋವನ್ನು ಬಹಳ ಹೊತ್ತು ನೋಡಿ "ಇದು ಎಲ್ಲಿಯದು?" ಎಂದು ಕೇಳಿದರು. ಹಟ್ಟಿಹೊಳೆಯ ಹತ್ತಿರ ಎಂದೆ. ಆಮೇಲೆ ಹೆಚ್ಚು ಮಾತಾಗಲಿಲ್ಲ. ಅರ್ಜಿಯ ಮೇಲೆ ಬರೆದು ಸಹಿ ಹಾಕಿದರು.

ಅವರೆದುರಿಗೇ ಪೆಟ್ಟಿಗೆ ಬಿಚ್ಚಿಸಿದೆವು. ಪೈನ್ ಪಟ್ಟಿಗಳನ್ನು ಅವರ ವಶಕ್ಕೆ ಕೊಟ್ಟು, ಪ್ಲೈವುಡ್ಡಿನ ಒಳಚೌಕಟ್ಟಿಗೆ ಬಿಗಿದ ಚಿತ್ರವನ್ನು ಸುತ್ತಿದ ಕಾಗದ ಸಮೇತ ಬೇರೆ ಇಟ್ಟು, ಮುದ್ರೆಯಿರುವ ಮರ ತಂದು ಬೆಂಗಳೂರಿನಲ್ಲೇ ಹೊಸ ಪೆಟ್ಟಿಗೆ ಕಟ್ಟಿಸಿದೆವು. ನಾಲ್ಕು ದಿನ ಹಿಡಿಯಿತು, ಅಷ್ಟೂ ದಿನ ಗೋದಾಮಿನ ತಡದ ಬಾಡಿಗೆ, ಅಂದರೆ ಡೆಮರೇಜ್, ಏರುತ್ತಿತ್ತು. ಪ್ಯಾಕಿಂಗ್ ಮಾಡಿದವರು ಕ್ಷಮೆ ಕೇಳಿದರು, ಖರ್ಚಿನಲ್ಲಿ ಪಾಲು ಕೊಡಲಿಲ್ಲ. ಮುದ್ರೆ ಕಾಣುವಂತೆ ಪೆಟ್ಟಿಗೆಯ ಫೋಟೋ ಕಳಿಸಿ ಎಂದು ನಾನು ಮೊದಲೇ ಕೇಳಬೇಕಿತ್ತು. ಒಂದು ಫೋಟೋದ ಮಾತು.

ಸುಂಕದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಇದನ್ನೇ ಕೇಳುತ್ತಾರೆ. ಸರಳವಾಗಲಿ ಎಂದು ಪೌಂಡಿಗೆ 107 ರೂಪಾಯಿ ಹಿಡಿದಿದ್ದೇನೆ. ಕಸ್ಟಮ್ಸ್‌ಗೆ ಅದರದೇ ಪ್ರಕಟಿತ ದರವಿದೆ. ಚಿತ್ರ 3,900 ಪೌಂಡ್, ಪೆಟ್ಟಿಗೆ ಮತ್ತು ಲಂಡನ್ ನಿಲ್ದಾಣದವರೆಗಿನ ಸಾಗಣೆ 900. ಒಟ್ಟು 4,800, ಅಂದರೆ 5,13,600 ರೂಪಾಯಿ. ಹೌದು, ಪೆಟ್ಟಿಗೆಗೂ ಸುಂಕ ಬೀಳುತ್ತದೆ. ವಿಮಾನದ ಬಾಡಿಗೆ ಮತ್ತು ನಿರ್ವಹಣೆ 1,45,000 ಆಗಿತ್ತು, ಆದರೆ ವಿಮಾನದಲ್ಲಿ ಬಂದ ಸರಕಿಗೆ ಬಾಡಿಗೆಯನ್ನು ಆ ಮೌಲ್ಯದ ಶೇ. 20ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ ಎಂಬ ನಿಯಮವಿದೆ. ಹಾಗಾಗಿ ಸೇರಿದ್ದು 1,02,720 ಮಾತ್ರ. ದೊಡ್ಡ ಗಾತ್ರದ, ಸಾಧಾರಣ ಬೆಲೆಯ ಚಿತ್ರ ತರಿಸುವವರಿಗೆ ಇದು ನಿಜವಾದ ಉಪಕಾರ, ಬ್ರೋಕರಿಗೆ ನೆನಪಿಸಿ. ವಿಮೆ 6,000. ಒಟ್ಟು ಮೌಲ್ಯ 6,22,320. ಅದರ ಮೇಲೆ ಮೂಲ ಸುಂಕ ಶೇ. 10, ಅಂದರೆ 62,232. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, 6,223. ಇವೆಲ್ಲ ಸೇರಿದ ಮೊತ್ತದ ಮೇಲೆ ಆಮದಿನ ಜಿಎಸ್‌ಟಿಯಾದ ಐಜಿಎಸ್‌ಟಿ ಶೇ. 12, ಅಂದರೆ 82,893. ಕಟ್ಟಿದ್ದು ಸುಮಾರು ಒಂದೂವರೆ ಲಕ್ಷ. 2025ರ ಸೆಪ್ಟೆಂಬರ್ 22ರಿಂದ ಚಿತ್ರಗಳ ಮೇಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು. ಏಳು ತಿಂಗಳು ತಡವಾಗಿ ಬಂದಿದ್ದರೆ 48,000 ಉಳಿಯುತ್ತಿತ್ತು, ಆದರೆ ಅಷ್ಟರಲ್ಲಿ ಒಂದು ಮಳೆಗಾಲ ಕಳೆದುಹೋಗಿರುತ್ತಿತ್ತು, ಮನೆಯಲ್ಲಿ ಅತ್ತೆಗೆ 86 ವರ್ಷ.

ಕೈಯಿಂದ ಬರೆದ ಚಿತ್ರವೋ, ಮುದ್ರಿಸಿದ ಪ್ರತಿಯೋ ಎಂದು ಮೌಲ್ಯಮಾಪಕರು ಕೇಳಿಯೇ ಕೇಳುತ್ತಾರೆ. ಪೂರ್ತಿ ಕೈಯಿಂದ ಬರೆದದ್ದಾದರೆ ಸುಂಕದ ಪಟ್ಟಿಯಲ್ಲಿ 9701 ಎಂಬ ಶೀರ್ಷಿಕೆ, ಅಚ್ಚಿನ ಚಿತ್ರಕ್ಕೆ ಬೇರೆ. ಚಿತ್ರಕಾರ್ತಿ ಸಹಿ ಮಾಡಿದ ಪ್ರಮಾಣಪತ್ರ, ಅರ್ಧ ಬರೆದಿದ್ದಾಗಿನ ಎರಡು ಫೋಟೋ ಇದ್ದುದರಿಂದ ಅಲ್ಲಿ ಹತ್ತು ನಿಮಿಷವೂ ಆಗಲಿಲ್ಲ.

ಬ್ರೋಕರ್, ಹೊಸ ಪೆಟ್ಟಿಗೆ, ಡೆಮರೇಜ್ ಸೇರಿ 48,000. ಲಾರಿಗೆ 22,000. ಎಲ್ಲ ಕೂಡಿದರೆ 8 ಲಕ್ಷ 86 ಸಾವಿರದ ಹತ್ತಿರ. ಚಿತ್ರದ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು. ಇದನ್ನು ಮೊದಲೇ ಕೂಡಿಸಿ ನೋಡಿದ್ದರಿಂದಲೇ ಮನೆಯಲ್ಲಿ ಮಾತು ಬರಲಿಲ್ಲ. ಕೆಲವರು ಚಿತ್ರದ ಬೆಲೆಯೊಂದನ್ನೇ ನೋಡಿ ಮುಂಗಡ ಕೊಟ್ಟು, ಅರ್ಧದಲ್ಲಿ ಕೈಸೋತು ವಿದೇಶದ ಗೋದಾಮಿನಲ್ಲೇ ಬಿಟ್ಟದ್ದೂ ಉಂಟೆಂದು ಬ್ರೋಕರ್ ಹೇಳಿದರು.

ಲಾರಿಯಲ್ಲಿ ನಾನೂ ಕೂತೆ. ಪೆಟ್ಟಿಗೆಯನ್ನು ಉದ್ದಕ್ಕೆ, ಚಕ್ರ ಹೋಗುವ ದಿಕ್ಕಿಗೇ ನಿಲ್ಲಿಸಿ ಎರಡು ಕಡೆ ಬಿಗಿದಿದ್ದೆವು. ಅಡ್ಡ ನಿಲ್ಲಿಸಿದರೆ ಬ್ರೇಕ್ ಹಾಕಿದಾಗಲೆಲ್ಲ ಕ್ಯಾನ್ವಾಸ್ ಮುಂದಕ್ಕೆ ಹಿಂದಕ್ಕೆ ಹೊಡೆದುಕೊಳ್ಳುತ್ತದೆ. ಮೈಸೂರು, ಹುಣಸೂರು, ಪಿರಿಯಾಪಟ್ಟಣ. ಬೈಲಕುಪ್ಪೆ ದಾಟುವಾಗ ಅಲ್ಲಿನ ಟಿಬೆಟನ್ ಸನ್ಯಾಸಿಗಳ ಥಾಂಕಾ ಚಿತ್ರಗಳು ನೆನಪಾದವು. ಬಟ್ಟೆಯ ಮೇಲೆ ತೆಳುವಾಗಿ ಬರೆದು, ಕೆಳಗೆ ಕೋಲು ಕಟ್ಟಿ, ಸುತ್ತಿ ಹೆಗಲಿಗೇರಿಸಿದರೆ ಮುಗಿಯಿತು. ಬೆಟ್ಟ ದಾಟಿ ನಡೆದು ಬರುವ ಜನ ತಮ್ಮ ಚಿತ್ರವೂ ನಡೆಯುವಂತೆ ಮಾಡಿಕೊಂಡಿದ್ದಾರೆ. ಕುಶಾಲನಗರದಲ್ಲಿ ಕಾಫಿ ಕುಡಿದು, ಸುಂಟಿಕೊಪ್ಪದಿಂದ ಬಲಕ್ಕೆ ತಿರುಗಿ ಮಾದಾಪುರದ ದಾರಿ ಹಿಡಿದೆವು. ತೋಟದ ಗೇಟಿನಿಂದ ಮೇಲೆ ಲಾರಿ ಹತ್ತುವುದಿಲ್ಲವೆಂದು ಮೊದಲೇ ಗೊತ್ತಿತ್ತು. ಕಾಫಿ ಮೂಟೆ ಹೊರುವ ಪಿಕಪ್ಪು ಕಾಯುತ್ತಿತ್ತು, ಅದರ ಪಕ್ಕದಲ್ಲಿ ಎಂಟು ಜನ ನಡೆದು ಬಂದರು.

ಪೆಟ್ಟಿಗೆಗೆ ಅಂಟಿಸಿದ್ದ ಆಘಾತದ ಚೀಟಿ ಕೆಂಪಾಗಿದ್ದುದನ್ನು ನಾನು ಇಳಿಸುವಾಗ ಕಂಡೆ. ಬೆಂಗಳೂರಿನಲ್ಲಿ ಹೊರಡುವಾಗ ಬಿಳಿಯೇ ಇತ್ತು. ದಾರಿಯಲ್ಲಿ ಎಲ್ಲೋ ಒಂದು ಗಟ್ಟಿ ಏಟು. ಸಾಗಣೆಯ ರಸೀದಿಗೆ ಸಹಿ ಹಾಕುವ ಮುನ್ನ "ಸೂಚಕ ಕೆಂಪಾಗಿದೆ" ಎಂದು ಬರೆದು, ಫೋಟೋ ತೆಗೆದುಕೊಂಡೆ. ಸುಮ್ಮನೆ ಸಹಿ ಹಾಕಿಕೊಟ್ಟರೆ ವಿಮೆಯವರ ಮುಂದೆ ಆಮೇಲೆ ಮಾತು ನಿಲ್ಲುವುದಿಲ್ಲ.

ಪೆಟ್ಟಿಗೆಯನ್ನು ಕೂಡಲೇ ಬಿಚ್ಚುವಂತಿರಲಿಲ್ಲ. ಒಳಗಿನ ಮರ, ಬಟ್ಟೆ, ಬಣ್ಣ ನಮ್ಮ ಮನೆಯ ಹವೆಗೆ ನಿಧಾನವಾಗಿ ಹೊಂದಿಕೊಳ್ಳಬೇಕು. ಒಂದು ಹಗಲು, ಎರಡು ರಾತ್ರಿ ನಡುಮನೆಯಲ್ಲಿ ಅದು ನಿಂತಿತ್ತು. ಆ ಎರಡು ರಾತ್ರಿ ನಾನು ಎದ್ದೆದ್ದು ಬಂದು ನೋಡಿದ್ದೇನೆ, ನೋಡುವುದಕ್ಕೆ ಇದ್ದದ್ದು ಪ್ಲೈವುಡ್ ಮಾತ್ರ.

ಬಿಚ್ಚಿದಾಗ ಚಿತ್ರ ಸರಿಯಿತ್ತು. ಕೆಳಗಿನ ಮೂಲೆಯಲ್ಲಿ ಮಾತ್ರ ಅಕ್ಕಿಕಾಳಿಗಿಂತ ತುಸು ದೊಡ್ಡ ಹಸಿರು ಚಕ್ಕೆಯೊಂದು ಎದ್ದು ಕಾಗದದ ಮೇಲೆ ಬಿದ್ದಿತ್ತು. ಅದನ್ನು ಸಣ್ಣ ಡಬ್ಬಿಯಲ್ಲಿಟ್ಟು, ಹಳೆಯ ಫೋಟೋ ಹೊಸ ಫೋಟೋ ಎರಡನ್ನೂ ವಿಮೆಯವರಿಗೆ ಕಳಿಸಿದೆ. ಸಂರಕ್ಷಣೆ ಬಲ್ಲವರೊಬ್ಬರು ಬೆಂಗಳೂರಿನಿಂದ ಬಂದು ಅದೇ ಚಕ್ಕೆಯನ್ನು ಅದರ ಜಾಗದಲ್ಲಿ ಕೂರಿಸಿದರು, ಖರ್ಚನ್ನು ವಿಮೆ ಕೊಟ್ಟಿತು. ಈಗ ನಾನು ತೋರಿಸದೆ ಯಾರಿಗೂ ಕಾಣುವುದಿಲ್ಲ.

ಎಲ್ಲಿ ತೂಗುಹಾಕುವುದೆಂಬ ಪ್ರಶ್ನೆಗೆ ನಮ್ಮ ಊರಿನ ಮಳೆಯೇ ಉತ್ತರ ಹೇಳಿತು. ಹೊರಗೋಡೆ ಬೇಡ, ಜೂನ್ ಬಂತೆಂದರೆ ಅದು ಒಳಗೂ ಒಸರುತ್ತದೆ. ದೀಪದ ಕೋಣೆ ಬೇಡ, ಎಣ್ಣೆಯ ಮಸಿ. ಒಲೆಯ ಬೆನ್ನಿನ ಗೋಡೆಯೂ ಬೇಡ. ಉಳಿದದ್ದು ನಡುಮನೆಯ ಒಳಗೋಡೆ. ಚಿತ್ರದ ಹಿಂದೆ ನಾಲ್ಕು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ ಗೋಡೆಯಿಂದ ಎರಡು ಬೆರಳು ದೂರ ನಿಲ್ಲಿಸಿದ್ದೇವೆ, ಹಿಂದೆ ಗಾಳಿಯಾಡಬೇಕು. ತೇವ ಅಳೆಯುವ ಸಣ್ಣ ಮೀಟರು ಪಕ್ಕದಲ್ಲಿದೆ. ಶೇ. 65 ದಾಟಿದರೆ ಬೂಷ್ಟಿನ ಕಾಲ ಬಂತೆಂದು ಅರ್ಥ, ಆಗ ತೇವ ತೆಗೆಯುವ ಯಂತ್ರ ಹಾಕುತ್ತೇವೆ. ಕರೆಂಟು ಹೋದರೆ ಜನರೇಟರು. ಜುಲೈಯಲ್ಲಿ ಇಷ್ಟಾದರೂ ಕ್ಯಾನ್ವಾಸ್ ಸ್ವಲ್ಪ ಸಡಿಲಾಯಿತು. ಹಿಂದಿನ ಚೌಕಟ್ಟಿನ ಮೂಲೆಗಳಲ್ಲಿ ಬಿಗಿಮಾಡುವ ಬೆಣೆಗಳಿವೆ, ಬಡಿಯಲೇ ಎಂದು ಗ್ಲಾಸ್ಗೋಗೆ ಕೇಳಿದೆ. ಬೇಡ, ಬಿಸಿಲು ಬಂದಾಗ ತಾನೇ ಬಿಗಿಯುತ್ತದೆ, ಈಗ ಬಡಿದರೆ ಬೇಸಿಗೆಯಲ್ಲಿ ಹರಿಯುತ್ತದೆ ಎಂದರು. ನವೆಂಬರಿನ ಹೊತ್ತಿಗೆ ಬಿಗಿಯಿತು.

ಪೆಟ್ಟಿಗೆ ಬಿಚ್ಚಿದ ದಿನ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಕರೆತಂದಿದ್ದೆವು. ಅವರು ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ಆ ಬಯಲಿನಲ್ಲಿ ನಾಟಿ ಮಾಡಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಹತ್ತಿರ ಹೋಗಿ ಒಂದೊಂದಾಗಿ ಹೆಸರು ಹೇಳಿದರು: ತೋಡುಗದ್ದೆ, ದೊಡ್ಡಗದ್ದೆ, ಸಸಿಮಡಿ, ಹಲಸಿನಗದ್ದೆ, ಮೂಲೆಗದ್ದೆ. ನಮ್ಮ ಮಗ ಅಲ್ಲಿಯವರೆಗೆ ಈ ಹೆಸರುಗಳನ್ನು ಕೇಳಿಯೇ ಇರಲಿಲ್ಲ, ಬರೆದುಕೊಂಡ. ಕೊನೆಗೆ ಹಲಸಿನ ಮರದ ಬುಡಕ್ಕೆ ಬಂದು ನಿಂತರು.

"ಒಡ್ಡು ಇಲ್ಲಿರಲಿಲ್ಲ. ಇನ್ನೂ ಕೆಳಗೆ."

ಚಿತ್ರಕಾರ್ತಿಗೆ ಬರೆದೆ. ಅವರು 2009ರ ಸ್ಕೆಚ್ಚಿನ ಪುಟದ ಫೋಟೋ ಕಳಿಸಿದರು. ಅತ್ತೆ ಹೇಳಿದ್ದು ನಿಜ, ಮರ ಎದ್ದುಕಾಣಲಿ ಎಂದು ದೊಡ್ಡ ಚಿತ್ರದಲ್ಲಿ ಒಡ್ಡನ್ನು ಮೇಲಕ್ಕೆ ಒಯ್ದಿದ್ದರಂತೆ. ತಿದ್ದಲು ತಾವೇ ಬರುವುದಾಗಿಯೂ ಹೇಳಿದರು. ಬೇಡ ಎಂದರು ಅತ್ತೆ. ಆದರೆ ಚಿತ್ರ ನೋಡಲು ಯಾರೇ ಬರಲಿ, ಅವರನ್ನು ಹತ್ತಿರ ಕರೆದು, ಬಣ್ಣಕ್ಕೆ ಬೆರಳು ತಾಗದಂತೆ ಗಾಳಿಯಲ್ಲೇ ಗೆರೆ ಎಳೆದು, ಒಡ್ಡನ್ನು ಒಂದು ಗೇಣು ಕೆಳಗಿಳಿಸಿ ತೋರಿಸುತ್ತಾರೆ.